ಎಂಟು ಮರಿಗಳ ಹೊಟ್ಟೆಯ ಹಾಲು

ನಮ್ಮ ಲ್ಯಾಬಿನ ಮೇಡಂ ಕನ್ನಡಕವನ್ನು ಬೆರಳಿನಿಂದ ಮೇಲೇರಿಸುತ್ತಿರಲಿಲ್ಲ. ಎರಡೂ ಕೈಗೆ ಗ್ಲೌಸ್ ಇರುತ್ತಿದ್ದುದರಿಂದ ಮೊಣಕೈ ಎತ್ತಿ, ತೋಳಿಗೆ ಮುಖ ಒರೆಸಿ, ಹಸು ನೊಣ ಓಡಿಸುವ ಹಾಗೆ ಒಮ್ಮೆ ತಲೆ ಕೊಡವುತ್ತಿದ್ದರು. ಕನ್ನಡಕ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಇದನ್ನು ಕಲಿಯಲು ನನಗೆ ಎರಡು ದಿನ ಸಾಕಾಯಿತು. ಅವರು ಕಲಿಸಿದ ಕೆಲಸ ಕಲಿಯಲು ಮೂರು ತಿಂಗಳು ಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ.ಯಲ್ಲಿ ಒಂದು ಸಬ್ಜೆಕ್ಟನ್ನು ಭದ್ರವಾಗಿ ಉಳಿಸಿಕೊಂಡಿದ್ದ ನಾನು ಶಿವಮೊಗ್ಗದ ಒಂದು ಪ್ರಯೋಗಾಲಯದಲ್ಲಿ ದಿನಗೂಲಿಗೆ ಸೇರಿದ್ದೆ. ಆ ಕಟ್ಟಡ ಈಗಿಲ್ಲ, ಹೆಸರು ಬೇಡ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದೆ. ಅಕ್ಕಪಕ್ಕದವರಿಗೆ ಅಮ್ಮ 'ರಿಸರ್ಚಿನಲ್ಲಿದಾನೆ' ಎನ್ನುತ್ತಿದ್ದಳು. ನಾನಿದ್ದದ್ದು ಬಿಳಿ ಇಲಿಗಳ ಕೋಣೆಯಲ್ಲಿ. ಪೆಟ್ಟಿಗೆ ತೊಳೆಯುವುದು, ಗಾಂಧಿ ಬಜಾರಿನಿಂದ ತಂದ ಕಡಲೆಕಾಳು ನೆನೆಹಾಕುವುದು, ಮಿಲ್ಲಿನಿಂದ ಬಂದ ಭತ್ತದ ಹೊಟ್ಟು ಹಾಸುವುದು, ನೀರಿನ ಬಾಟಲಿ ತುಂಬುವುದು. ರಿಸರ್ಚು ಮಾಡುತ್ತಿದ್ದದ್ದು ಇಲಿಗಳು. ನಾನು ಅವುಗಳ ಹಾಸಿಗೆ ಬದಲಿಸುತ್ತಿದ್ದೆ.

ಮಂಗನ ಕಾಯಿಲೆಯನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಚಳಿ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತವೆ. ಅವುಗಳ ಮೈಮೇಲಿನ ಉಣುಗು ಇಳಿದು ದರಗೆಲೆಯಲ್ಲಿ ಸೇರಿಕೊಳ್ಳುತ್ತದೆ. ಸೌದೆಗೋ ದರಗಿಗೋ ಹೋದವರನ್ನು ಕಚ್ಚುತ್ತದೆ. ಆಮೇಲೆ ಜ್ವರ, ಹಣೆ ಸೀಳುವ ತಲೆನೋವು, ಸೊಂಟ ಮತ್ತು ಮೀನಖಂಡ ಮುರಿಯುವ ನೋವು, ಕೆಂಪು ಕಣ್ಣು. ಕೆಲವರಿಗೆ ಒಸಡಿನಲ್ಲಿ ರಕ್ತ. ಇದಕ್ಕೇ ಎಂದು ಔಷಧಿ ಇಲ್ಲ. ಬಹಳ ಜನ ಏಳುತ್ತಾರೆ, ಕೆಲವರು ಏಳುವುದಿಲ್ಲ.

ಬಂದದ್ದು ಈ ಜ್ವರವೋ ಬೇರೆಯೋ ಎಂದು ತಿಳಿಯಲು ಆಗ ನಮ್ಮಲ್ಲಿದ್ದ ದಾರಿ ಇಲಿಮರಿ. ಹುಟ್ಟಿ ಎರಡು ದಿನವಾದ ಮರಿಗಳ ತಲೆಗೆ ಕೂದಲೆಳೆಯಂಥ ಸೂಜಿಯಿಂದ, ರೋಗಿಯ ರಕ್ತದ ತಿಳಿಯನ್ನು ಒಂದೊಂದು ಹನಿ ಹಾಕಿ, ತಾಯಿಯ ಬಳಿ ಬಿಟ್ಟು ಕಾಯುವುದು. ಮರಿ ಬೆಳೆದರೆ ಅದಲ್ಲ. ನಾಲ್ಕೈದು ದಿನ ಕಳೆದ ಮೇಲೆ ಹಾಲು ಬಿಟ್ಟು, ಬೆನ್ನು ಗೂನಾಗಿ, ನಡುಗಿ ಸತ್ತರೆ ಬಹುತೇಕ ಅದೇ. ಪೆಟ್ಟಿಗೆಯ ಮುಂದೆ ಒಂದು ಕಾರ್ಡು ಸಿಕ್ಕಿಸಿರುತ್ತಿತ್ತು: ನಂಬರು, ಊರು, ಎಷ್ಟು ಮರಿ. ರೋಗಿಯ ಹೆಸರಿರುತ್ತಿರಲಿಲ್ಲ.

ಎಳೆ ಮರಿಯ ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯ ಎಡಕ್ಕೆ ಬಿಳಿ ಮಚ್ಚೆಯಾಗಿ ಹೊರಗೇ ಕಾಣುತ್ತದೆ. ಹಾಲು ಕಂಡರೆ ಮರಿ ಚೆನ್ನಾಗಿದೆ. ದಿನಕ್ಕೆರಡು ಸಲ ಮುಚ್ಚಳ ತೆಗೆದು ಈ ಹಾಲನ್ನು ನೋಡುವ ಕೆಲಸ ಅಲ್ಲಿನ ಹಿರಿಯ ಅಟೆಂಡರದ್ದು. ಹೊಸಮನೆ ಬಡಾವಣೆಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವರನ್ನು ನಾವು ಯಜಮಾನರು ಎನ್ನುತ್ತಿದ್ದೆವು. ಕೆಲಸದ ದಿನ ಅವರು ವಾಸನೆಯ ಸೋಪು ಹಾಕಿ ಸ್ನಾನ ಮಾಡುತ್ತಿರಲಿಲ್ಲ. ಗ್ಲೌಸ್ ಹಾಕಿದ ಕೈಯನ್ನು ಅದೇ ಪೆಟ್ಟಿಗೆಯ ಹಳೆ ಹೊಟ್ಟಿನಲ್ಲಿ ಚೆನ್ನಾಗಿ ಉಜ್ಜಿಕೊಂಡೇ ಮರಿ ಮುಟ್ಟುತ್ತಿದ್ದರು.

"ಬೇರೆ ವಾಸ್ನೆ ಬಂದ್ರೆ ತಾಯಿ ಒಪ್ಪಲ್ಲ ಮಾರಾಯ. ಹೆದರಿಕೊಂಡ್ರೂ ಅಷ್ಟೆ. ತಿಂದ್ ಹಾಕ್ತದೆ."

"ತನ್ನ ಮರೀನೇ?"

"ಮತ್ತೆ ನಿನ್ನ ಮರಿ ತಿನ್ನುತ್ತಾ?"

ಈ ಮಾತನ್ನೂ ಅವರ ಮೂಗಿನ ಸ್ವರದಲ್ಲಿ ಕಲಿತುಕೊಂಡು ಅವರೆದುರೇ ಹೇಳಿ ತೋರಿಸಿದೆ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ನಿನ್ನ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಬಿಡ್ಬೇಕು ಕಣೋ, ಸಿಂಹ ಆಕಳಿಸಿದ್ರೂ ಜನಕ್ಕೆ ಮಾಡಿ ತೋರಿಸ್ತೀಯ" ಎನ್ನುತ್ತಿದ್ದರು. ನನ್ನ ಅತಿ ಒಳ್ಳೆಯ ಐಟಂ ಎಂದರೆ ಕಾಯಿಲೆ ಬಿದ್ದ ಇಲಿ. ಸ್ಟೂಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆ ಒಳಗೆಳೆದುಕೊಂಡು, ಮೀಸೆಯ ಜಾಗ ಮಾತ್ರ ನಡುಗಿಸುತ್ತಿದ್ದೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನನಗೂ ಬಹಳ ನಗು ಬರುತ್ತಿತ್ತು.

ಆ ಕೆಲಸಕ್ಕೆ ಸೇರುವವರಿಗೆಲ್ಲ ಲಸಿಕೆ ಕೊಡುತ್ತಿದ್ದರು. ಮೊದಲನೆಯದು ಹಾಕಿಸಿಕೊಂಡ ತೋಳು ಎರಡು ದಿನ ಉರಿಯಿತು. ತಿಂಗಳಿಗೆ ಎರಡನೆಯದು. ಆ ದಿನ ನಾನು ಊರಲ್ಲಿ ನೆಂಟರ ಮದುವೆ ಎಂದೆ. ಮುಂದಿನ ವಾರ ಹಾಕಿಸಿಕೊಳ್ಳುತ್ತೇನೆಂದು ಮೇಡಂಗೆ ಹೇಳಿದೆ. ಮುಂದಿನ ವಾರವೂ ನೆಂಟರು ಮದುವೆಯಾದರು.

ಅದು ಒಂದು ಸೋಮವಾರ. ತೀರ್ಥಹಳ್ಳಿ ಕಡೆಯ ಒಂದು ಊರಿನ ಕಾರ್ಡಿದ್ದ ಪೆಟ್ಟಿಗೆಯಲ್ಲಿ ಮರಿಗಳು ಬೆಳಿಗ್ಗೆಯಿಂದ ನಡುಗಲು ತೊಡಗಿದ್ದವು. ಮುಚ್ಚಳ ತೆಗೆದು, ಹೊಟ್ಟು ಬದಲಿಸಲು ತಾಯಿಯನ್ನು ಬಾಲ ಹಿಡಿದು ಎತ್ತಿಕೊಂಡಿದ್ದೆ. ಯಜಮಾನರು ಮೂಲೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಮೇಡಂ ಆಗಷ್ಟೇ ಬಂದು, ನಡುಗುವ ಮರಿ ನೋಡಿ, ತಲೆ ಕೊಡವಿ ಕನ್ನಡಕ ಏರಿಸಿ ಹೋಗಿದ್ದರು. ಬಾಗಿಲು ಮುಚ್ಚಿದ ಕೂಡಲೇ ನನ್ನೊಳಗಿನ ದೆವ್ವ ಎದ್ದಿತು. ಮೇಡಂ ಗ್ಲೌಸ್ ಕಳಚುವುದರಲ್ಲೂ ಒಂದು ಠೀವಿ ಇತ್ತು: ಚಟ್ ಎಂದು ಸದ್ದು ಬರಬೇಕು. ನಾನು ಬಲಗೈಯ ಗ್ಲೌಸನ್ನು ಎಡಗೈಯ ಬಿಡುವಿದ್ದ ಬೆರಳುಗಳಿಂದ ಎಳೆದು ಚಟ್ ಎನ್ನಿಸಿ ಕಳಚಿದೆ, ಮೊಣಕೈ ಎತ್ತಿದೆ, ಇಲ್ಲದ ಕನ್ನಡಕ ಏರಿಸಿದೆ. "ವಾಟ್ ಈಸ್ ದಿಸ್, ಹೊಟ್ಟು ಒದ್ದೆ ಇದೆಯಲ್ಲ" ಎಂದು ಅವರ ಸ್ವರದಲ್ಲಿ ಹೇಳುತ್ತ ಬರಿಗೈಯನ್ನು ಪೆಟ್ಟಿಗೆಯ ಕಡೆ ನೀಡಿದೆ. ಎಡಗೈಯಲ್ಲಿ ತೂಗುತ್ತಿದ್ದ ತಾಯಿ ಇಲಿ ಮೈ ತಿರುಚಿ ನನ್ನ ತೋರುಬೆರಳಿಗೆ ಹಲ್ಲೂರಿತು.

"ಅಯ್ಯಯ್ಯೋ ಸತ್ತೆ!" ಎಂದು ಕಿರುಚಿದೆ.

ಯಜಮಾನರು ಗೋಡೆ ಹಿಡಿದುಕೊಂಡು ನಕ್ಕರು. "ಮೇಡಂ ಹಂಗೆ ಕಿರ್ಚಲ್ಲ ಕಣೋ! ಅದೊಂದು ಸರಿಯಾಗ್ಲಿಲ್ಲ ನೋಡು!"

ಆಗ ಹೇಳಿಬಿಡಬಹುದಿತ್ತು. ಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ ನಿಂತಿತ್ತು. ಹೇಳಿದರೆ ಗ್ಲೌಸ್ ಯಾಕೆ ತೆಗೆದೆ ಎಂಬ ಪ್ರಶ್ನೆ, ಅದರ ಹಿಂದೆ ಲಸಿಕೆ ಎಲ್ಲಿ ಎಂಬ ಪ್ರಶ್ನೆ, ಅದರ ಹಿಂದೆ ನೆಂಟರ ಮದುವೆಗಳ ಮೆರವಣಿಗೆ. ನಾನೂ ನಕ್ಕೆ. ನಗುತ್ತಲೇ ಇಲಿಯನ್ನು ಬಿಟ್ಟು, ಆಚೆ ಹೋಗಿ, ನಲ್ಲಿಯ ಕೆಳಗೆ ಬೆರಳು ಹಿಡಿದು ಹಿಂಡಿದೆ. ಸ್ಪಿರಿಟ್ ಹಾಕಿ ಉಜ್ಜಿದೆ. ಕಚ್ಚಿದ್ದು ತಾಯಿ, ಸೂಜಿ ಹಾಕಿದ್ದು ಮರಿಗೆ, ತಾಯಿಗೇನೂ ಆಗಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಆ ತಾಯಿ ದಿನವಿಡೀ ಆ ಮರಿಗಳನ್ನೇ ನೆಕ್ಕುತ್ತಿತ್ತು. ಸತ್ತದ್ದನ್ನು ತಿಂದಿದ್ದರೂ ತಿಂದಿರಬಹುದು. ಬೆಳಿಗ್ಗೆ ಎಣಿಸಿದಾಗ ಒಂದು ಮರಿ ಕಡಿಮೆಯಿತ್ತು.

ಬುಧವಾರದ ಹೊತ್ತಿಗೆ ಆ ಪೆಟ್ಟಿಗೆಯ ಮರಿಗಳೆಲ್ಲ ಸತ್ತವು. ಮೇಡಂ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದರು. ಆ ಕೆಂಪು ಗುರುತನ್ನು ಎಷ್ಟೋ ಸಲ ನೋಡಿದ್ದೆ. ಅದು ಯಾರೋ ಒಬ್ಬ ಮನುಷ್ಯನ ಸುದ್ದಿ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಅಲ್ಲಿಂದ ನನ್ನ ಬೆಳಗುಗಳು ಕನ್ನಡಿಯ ಮುಂದೆ ಶುರುವಾದವು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುವುದು, ತುಟಿ ಮೇಲೆತ್ತಿ ಒಸಡು ನೋಡುವುದು. ಗುರುವಾರ ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ಕೆಂಪು! ಬಚ್ಚಲಲ್ಲೇ ಕುಸಿದು ಕೂತೆ.  ಆಮೇಲೆ ನೆನಪಾಯಿತು, ಅಪ್ಪನ ಕೆಂಪು ಹಲ್ಲುಪುಡಿ ತೆಗೆದುಕೊಂಡಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. ನಾಲ್ಕು ಸಲ ಬಾಯಿ ಮುಕ್ಕಳಿಸಿ, ಬಿಳಿ ಟವೆಲಿಗೆ ಉಗಿದು, ಬೆಳಕಿಗೆ ಹಿಡಿದು ನೋಡಿದೆ. ಬಸ್ಸಿನಲ್ಲಿ ಸೊಂಟ ನೋಯಿತು. ಆ ರಸ್ತೆಯಲ್ಲಿ ಆ ಬಸ್ಸಿನಲ್ಲಿ ಕೂತ ಎಲ್ಲರಿಗೂ ಸೊಂಟ ನೋಯುತ್ತಿತ್ತು. ಆದರೆ ಅವರ ಸೊಂಟ ಸೊಂಟವಾಗಿತ್ತು, ನನ್ನದು ಲಕ್ಷಣವಾಗಿತ್ತು.

ಶನಿವಾರ ಎದ್ದಾಗ ತಲೆ ಎತ್ತಲಾಗಲಿಲ್ಲ.

"ಅಮ್ಮಾ, ಜ್ವರ."

ಅಮ್ಮ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ಇವತ್ತು ಯಾರ್ ಜ್ವರ ಇದು? ನಿಮ್ಮಪ್ಪಂದಾ, ಮೇಷ್ಟ್ರದ್ದಾ?"

ತಪ್ಪು ಅವಳದಲ್ಲ. ಪ್ರತಿಯೊಬ್ಬರೂ ಜ್ವರವನ್ನು ಬೇರೆ ಬೇರೆ ಥರ ಅನುಭವಿಸುತ್ತಾರೆ ಎಂಬುದು ನನ್ನ ಸಂಶೋಧನೆ. ಅಪ್ಪ ಜ್ವರ ಬಂದಾಗ ಕಾರ್ಖಾನೆಯ ಸೈರನ್ನಿನಂತೆ ನರಳುತ್ತಾನೆ, ಎದುರುಮನೆ ಮೇಷ್ಟ್ರು ಯಾರೋ ತಮಗೆ ಮೋಸ ಮಾಡಿದಂತೆ ಮುಖ ಮಾಡಿಕೊಳ್ಳುತ್ತಾರೆ. ಇದನ್ನೆಲ್ಲ ಮಾಡಿ ತೋರಿಸಿ ಅವಳಿಂದ ಎಷ್ಟು ಸಲ ಕಾಫಿ ಗಿಟ್ಟಿಸಿದ್ದೇನೋ.

"ನಂದೇ ಅಮ್ಮ."

ಆ ಎರಡು ಮಾತಿನಲ್ಲಿ ಏನಿತ್ತೋ, ಅವಳು ಸೌಟು ಇಟ್ಟು ಬಂದಳು. ಹಣೆ ಮುಟ್ಟಲಿಲ್ಲ, ಕುತ್ತಿಗೆಯ ಹಿಂದೆ ಕೈಯಿಟ್ಟಳು. ಕೈ ಹಿಂದೆ ತೆಗೆದುಕೊಂಡ ವೇಗ ನನಗೆ ಇನ್ನೂ ನೆನಪಿದೆ.

ಅವಳಿಗೆ ಅರ್ಧ ಹೇಳಿದೆ: ಇಲಿ ಕಚ್ಚಿದೆ, ಮೇಡಂಗೆ ತೋರಿಸಿಕೊಂಡು ಬರುತ್ತೇನೆ ಎಂದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೂ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಶಿವಮೊಗ್ಗ ಬರುವಷ್ಟರಲ್ಲಿ ನಾನು ಸತ್ತ ಮೇಲೆ ಯಾರು ಯಾರು ಹೇಗೆ ಅಳುತ್ತಾರೆಂದು ಮನಸ್ಸಿನಲ್ಲೇ ಒಬ್ಬೊಬ್ಬರದೇ ಸ್ವರ ಹಿಡಿಯುತ್ತಿದ್ದೆ. ಅಮ್ಮನ ಸ್ವರಕ್ಕೆ ಬಂದಾಗ ನಿಲ್ಲಿಸಿದೆ.

ಯಜಮಾನರು ಮೊದಲು ನಂಬಲಿಲ್ಲ. "ಚೆನ್ನಾಗಿದೆ, ಕಣ್ಣೂ ಕೆಂಪು ಮಾಡ್ಕೊಂಡಿದೀಯ. ಈರುಳ್ಳಿ ಉಜ್ಜಿದ್ಯಾ?" ಎಂದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಅಮ್ಮನನ್ನು ನೋಡಿದರು.

"ಸೋಮವಾರ ಕಚ್ಚಿತ್ತು ಯಜಮಾನ್ರೇ. ನೀವ್ ನಕ್ರಲ್ಲ, ಆವಾಗ."

"ಯಾವ ಪೆಟ್ಗೆ?"

ನಾನು ಖಾಲಿಯಾಗಿದ್ದ ಜಾಗವನ್ನು ತೋರಿಸಿದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. "ಹಲ್ಕಾ ನನ್ಮಗನೆ, ಐದ್ ದಿನ ಬಾಯಿಗೆ ಏನಿಟ್ಕೊಂಡಿದ್ದೆ?" ಎಂದರು. ಬೈಗುಳದ ಸ್ವರ ಅದಾಗಿರಲಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಧೈರ್ಯ ಬರುತ್ತಿತ್ತು. ಕುರ್ಚಿಯಲ್ಲಿ ಕೂರಿಸಿ, ಎರಡನೇ ಲಸಿಕೆ ಯಾವಾಗ ಆಯಿತೆಂದು ಕೇಳಿದರು. ಆಗಿಲ್ಲ ಎಂದೆ. ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. ತೋಳಿಗೆ ರಬ್ಬರು ಕಟ್ಟಿ ರಕ್ತ ತೆಗೆದರು.

"ನಮಗೂ ಬರುತ್ತಾ ಮೇಡಂ?" ಅಮ್ಮ ಕೇಳಿದಳು.

"ಇಲ್ಲಮ್ಮ, ಇದು ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ನೀವು ಹತ್ರ ಇರಬಹುದು." ನನ್ನ ಕಡೆ ತಿರುಗಿ, "ನೋಡಪ್ಪ, ಬರೀ ಫ್ಲೂನೂ ಇರಬಹುದು. ಆದ್ರೂ ಇವತ್ತೇ ಅಡ್ಮಿಟ್ ಆಗು. ಮರಿ ಇದಾವಾ ಯಜಮಾನ್ರೇ?"

"ನಿನ್ನೆ ಮೊನ್ನೆ ಹಾಕಿದ ಒಂದು ತಾಯಿ ಇದೆ. ಎಂಟು ಮರಿ."

ಅಡ್ಮಿಟ್ ಆಗಲು ಹೊರಡುವ ಮುಂಚೆ ಬಾಗಿಲ ಸಂದಿಯಿಂದ ನೋಡಿದೆ. ಯಜಮಾನರು ಕೈಯನ್ನು ಹೊಟ್ಟಿನಲ್ಲಿ ಉಜ್ಜಿಕೊಂಡು, ಒಂದೊಂದೇ ಗುಲಾಬಿ ಬಣ್ಣದ ಮರಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಡಂ ಮುಂದೆ ನೀಡುತ್ತಿದ್ದರು. ಎಂಟು ಸಲ. ನಂತರ ಕಾರ್ಡು ಬರೆದರು. ನಂಬರು. ಊರು: ಭದ್ರಾವತಿ. ಎಲ್ಲ ಕಾಡಂಚಿನ ಹಳ್ಳಿಗಳ ಸಾಲಿನಲ್ಲಿ ನಮ್ಮ ಕಬ್ಬಿಣದ ಊರು.

ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದೆ. ನರ್ಸು ಬಂದು ಬಾಯಿ ತೆರೆಸಿ ಒಸಡು ನೋಡುವಾಗಲೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆ. ನನಗೆ ಮುಖಗಳನ್ನು ಓದುವ ಅಭ್ಯಾಸ ಮೊದಲಿನಿಂದ ಇದೆ, ಅಣಕಿಸುವವರಿಗೆ ಅದೇ ಬಂಡವಾಳ. ಆದರೆ ಹೆದರಿದವನು ಓದಿದರೆ ಎಲ್ಲ ಮುಖದಲ್ಲೂ ಒಂದೇ ಸುದ್ದಿ ಇರುತ್ತದೆ. ಅವಳು ಹುಬ್ಬು ಗಂಟಿಕ್ಕಿದರೆ ನನ್ನ ಕತೆ ಮುಗಿಯಿತು ಎಂದು, ಮುಗುಳ್ನಕ್ಕರೆ ಪಾಪ ಎಂದು ನಗುತ್ತಿದ್ದಾಳೆಂದು ಅಂದುಕೊಳ್ಳುತ್ತಿದ್ದೆ. ಪಕ್ಕದ ಹಾಸಿಗೆಯವನು ಹರ್ನಿಯಾ ಆಪರೇಶನ್ನಿಗೆ ಬಂದಿದ್ದ. ನನಗೇನು ಎಂದು ಕೇಳಿದ. ಹೇಳಿದೆ. ತನ್ನ ನೀರಿನ ಚೊಂಬನ್ನು ಮೆಲ್ಲಗೆ ಆ ಬದಿಗೆ ಸರಿಸಿಕೊಂಡ.

ಪ್ರತಿದಿನ ಹನ್ನೊಂದು ಗಂಟೆಗೆ ಯಜಮಾನರು ಸೈಕಲ್ಲಿನಲ್ಲಿ ಬರುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಕೂಗುತ್ತಿದ್ದರು: "ಹಾಲ್ ಕುಡಿದಾವೆ ಕಣೋ! ಎಂಟೂ!"

ಹರ್ನಿಯಾದವನು ಅಮ್ಮನನ್ನು ಕೇಳಿದ: "ನಿಮ್ಮನೇಲಿ ಎಮ್ಮೆ ಕರು ಹಾಕಿದ್ಯೇನಮ್ಮ?"

ಅಮ್ಮನಿಗೆ ಇಲಿ ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲಿ ಬೋನು ಇಡುತ್ತಿದ್ದವಳು ಅವಳೇ. ಈಗ ಯಜಮಾನರ ಬಾಯಿಂದ ಒಂದೊಂದು ವಿವರ ಕೇಳಿ ತಿಳಿದುಕೊಂಡಳು: ಎಷ್ಟು ಹಾಲು, ಯಾವ ಕಡೆ ಮಲಗುತ್ತವೆ, ತಾಯಿಗೆ ಏನು ಹಾಕುತ್ತೀರಿ. "ಬಾಣಂತಿಗೆ ಬರೀ ಕಡ್ಲೆಕಾಳಾ? ಸ್ವಲ್ಪ ಬೆಲ್ಲ ಹಾಕಿ ಯಜಮಾನ್ರೇ" ಎಂದಳು. ಅವರು ಹಾಕಿದರೋ ಇಲ್ಲವೋ, "ಆಯ್ತಮ್ಮ" ಎಂದರು.

ಮಂಗಳವಾರ ಜ್ವರ ಇಳಿಯಿತು. ಬುಧವಾರ ಬೆಳಿಗ್ಗೆ ಆಸ್ಪತ್ರೆಯಿಂದ ಬಿಟ್ಟರು. ಎಲ್ಲರೂ ಮುಗಿಯಿತೆಂದುಕೊಂಡರು. ನಾನು ಮೇಡಂ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ, ಈ ಜ್ವರ ಕೆಲವರಲ್ಲಿ ಇಳಿದು, ವಾರ ಎರಡು ವಾರ ಬಿಟ್ಟು ಮತ್ತೆ ಬರುತ್ತದೆ, ಆಗ ತಲೆಗೆ ಏರುತ್ತದೆ. ಮರಿಗಳು ನಡುಗುವುದೂ ನಾಲ್ಕೈದನೇ ದಿನದಿಂದ. ಅಂದು ನಾಲ್ಕನೇ ದಿನ. ಆ ದಿನ ಯಜಮಾನರು ಹನ್ನೊಂದು ಗಂಟೆಯಾದರೂ ಬರಲಿಲ್ಲ. ಸೈಕಲ್ ಪಂಕ್ಚರ್ ಆಗಿತ್ತೆಂದು ಆಮೇಲೆ ಗೊತ್ತಾಯಿತು. ನಾನು ಬೇರೆಯೇ ಅರ್ಥ ಮಾಡಿಕೊಂಡೆ. ಅಮ್ಮನನ್ನು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂರಿಸಿ, ಆಸ್ಪತ್ರೆಯ ಚೀಟಿ ಮರೆತೆ ಎಂದು ಸುಳ್ಳು ಹೇಳಿ ಪ್ರಯೋಗಾಲಯಕ್ಕೆ ಓಡಿದೆ.

ಊಟದ ಹೊತ್ತು. ಕೋಣೆಯಲ್ಲಿ ಯಾರೂ ಇಲ್ಲ. ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ಭದ್ರಾವತಿ ಕಾರ್ಡಿನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮರಿಗಳ ಮೈಮೇಲೆ ಬೂಷ್ಟಿನಂತೆ ಬಿಳಿ ತುಪ್ಪಳ ಮೂಡುತ್ತಿತ್ತು, ಅದರಡಿಯಲ್ಲಿ ಹಾಲು ಮಸುಕು ಮಸುಕಾಗಿ ಕಂಡಿತು. ಏಳರಲ್ಲಿ ಕಂಡಿತು. ಎಂಟನೆಯದು ತಿರುಗಿ ಮಲಗಿತ್ತು. ಅದನ್ನು ಬೆರಳಿನಿಂದ ತಿರುಗಿಸಿದೆ. ಇತ್ತು. ಮುಚ್ಚಿದೆ. ಬಾಗಿಲವರೆಗೆ ಹೋದೆ. ನಾನು ನೋಡಿದ್ದು ಹಾಲೋ, ಬೆಳಕೋ? ಹಿಂದೆ ಬಂದು ಮತ್ತೆ ತೆಗೆದೆ. ಒಂದು ಮರಿಯ ಕಾಲು ಅದುರಿದಂತೆ ಕಂಡಿತು. ನಿದ್ದೆಯಲ್ಲಿ ಎಲ್ಲ ಮರಿಯ ಕಾಲೂ ಅದುರುತ್ತದೆ. ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಇಟ್ಟೆ. ಇನ್ನೊಂದನ್ನು ಎತ್ತಿದೆ. ತಾಯಿ ಪೆಟ್ಟಿಗೆಯೊಳಗೆ ಸುತ್ತಲೂ ಹುಚ್ಚು ಹಿಡಿದಂತೆ ಓಡುತ್ತಿತ್ತು, ಹೊಟ್ಟನ್ನು ಹಿಂದಕ್ಕೆ ಕೆದರಿ ಎಸೆಯುತ್ತಿತ್ತು. ನಾನು ಅದನ್ನು ನೋಡಲಿಲ್ಲ. ನಾಲ್ಕು ಸಲವೋ ಐದು ಸಲವೋ ಮುಚ್ಚಳ ತೆಗೆದೆ. ನನ್ನ ಕೈಗೆ ಗ್ಲೌಸ್ ಇರಲಿಲ್ಲ. ನಾಲ್ಕು ದಿನದ ಆಸ್ಪತ್ರೆಯ ಫಿನಾಯಿಲು, ಸ್ಪಿರಿಟ್ಟು, ಬಿಡುವಾಗ ಅಮ್ಮ ಹಚ್ಚಿ ತೊಳೆಸಿದ ಚಂದನದ ಸೋಪು, ಎಲ್ಲ ಆ ಕೈಯಲ್ಲಿತ್ತು.

ಗುರುವಾರ ಬೆಳಿಗ್ಗೆ ರಜೆಯಿದ್ದರೂ ಬಸ್ಸು ಹತ್ತಿ ಬಂದೆ. ಯಜಮಾನರು ಪೆಟ್ಟಿಗೆಯ ಮುಂದೆ ನಿಂತಿದ್ದರು. ನನ್ನನ್ನು ನೋಡಿ ಕಾರ್ಡಿಗೆ ಅಡ್ಡ ನಿಂತರು.

"ಎಷ್ಟಿದಾವೆ?"

ಅವರು ನೀರಿನ ಬಾಟಲಿ ಸರಿಪಡಿಸತೊಡಗಿದರು.

"ಎಷ್ಟಿದಾವೆ ಯಜಮಾನ್ರೇ?"

"ಐದು."

 ನಲ್ಲಿಯ ಕಟ್ಟೆ ಹಿಡಿದುಕೊಂಡೆ. ಹೊಟ್ಟಿನಲ್ಲಿ ಒಂದು ಬಾಲದ ತುಂಡು ಸಿಕ್ಕಿತ್ತಂತೆ, ಬೇರೇನೂ ಇರಲಿಲ್ಲ. ಮೇಡಂ ಬಂದು ಬಗ್ಗಿ ನೋಡಿದರು. ಮರಿ ಕಾಯಿಲೆಬಿದ್ದರೆ ತಾಯಿ ತಿನ್ನುತ್ತದೆ. ಹೆದರಿದರೂ ತಿನ್ನುತ್ತದೆ. ತಿಂದ ಮರಿ ಯಾವ ಲೆಕ್ಕದ್ದೆಂದು ಯಾರಿಗೂ ಹೇಳಲಾಗುವುದಿಲ್ಲ.

"ನಿನ್ನೆ ಸಂಜೆ ಎಂಟೂ ಇದ್ವು ಮೇಡಂ," ಯಜಮಾನರು ಹೇಳಿದರು. "ಚುರುಕಾಗಿದ್ವು. ತಾಯಿ ಮಾತ್ರ ಯಾಕೋ ಗಾಬರಿ ಬಿದ್ದಿತ್ತು."

ಮೇಡಂ ನನ್ನ ಕಡೆ ತಿರುಗಿದರು. ಅಣಕಿಸುವವನ ಮುಖವನ್ನೂ ಓದಲು ಬರುವವರು ಇರುತ್ತಾರೆ.

"ನೀನ್ ತೆಗೆದ್ಯಾ?"

"ತೆಗೆದೆ."

"ಎಷ್ಟ್ ಸಲ?"

"ಐದ್ ಸಲ ಇರ್ಬೇಕು."

"ಕೈ ಉಜ್ಜಿಕೊಂಡ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ಯಜಮಾನರು ಮುಖ ಆಚೆ ತಿರುಗಿಸಿಕೊಂಡರು. ಅವರು ನನಗೆ ಕಲಿಸಿದ್ದೇ ಅದೊಂದನ್ನು. ನಾನು ಅವರಿಂದ ಮೂಗಿನ ಸ್ವರ ಮಾತ್ರ ಕಲಿತಿದ್ದೆ.

"ನೋಡು," ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಆ ಮೂರು ಇನ್ನು ಏನೂ ಹೇಳಲ್ಲ. ಈ ಐದು ಹೇಳ್ಬೇಕು. ರಕ್ತದಲ್ಲಿ ಇದ್ದಿದ್ರೆ ಇವೂ ಉಳಿಯಲ್ಲ. ಹದಿನಾಲ್ಕು ದಿನ ಪೂರ್ತಿ ಕಾಯೋಣ. ನೀನು ಈ ಕೋಣೆಗೆ ಬರಬೇಡ."

"ಮೇಡಂ, ನಾನ್ ದೂರದಿಂದ..."

"ಬರಬೇಡ ಅಂದೆ. ನೀನು ನೋಡ್ತಾ ಇದ್ರೆ ಅವು ಬದುಕಲ್ಲ."

ಮುಂದಿನ ದಿನಗಳನ್ನು ಭದ್ರಾವತಿಯ ಮನೆಯಲ್ಲಿ ಕಳೆದೆ. ಪಕ್ಕದ ಮನೆಯ ತಮಿಳು ಆಂಟಿ ರಸಂ ತಂದು, ಹೊಸ್ತಿಲಾಚೆಯೇ ನಿಂತು, "ಕುರಂಗು ಕಾಯ್ಚಲಾ ತಂಬಿ?" ಎಂದು ಕೇಳಿದಳು. ಮಂಗನ ಜ್ವರವಾ ಎಂದು. ಇನ್ನೂ ಗೊತ್ತಿಲ್ಲ ಆಂಟಿ ಎಂದೆ. ಪಾತ್ರೆಯನ್ನು ಅಲ್ಲೇ ಇಟ್ಟು ಹೋದಳು. ಫೋನಿದ್ದದ್ದು ಅವಳ ಮನೆಯಲ್ಲಿ. ಯಜಮಾನರು ದಿನಾ ಬೆಳಿಗ್ಗೆ ಬೂತಿನಿಂದ ಫೋನ್ ಮಾಡುತ್ತಿದ್ದರು. ಆ ಮನೆಯ ಗಂಟೆ ಹೊಡೆದರೆ ನಮ್ಮ ಮನೆಯಲ್ಲಿ ಎಲ್ಲರ ಕೈ ನಿಲ್ಲುತ್ತಿತ್ತು. ನಾನು ಓಡಿ ಹೋಗಿ ರಿಸೀವರ್ ಎತ್ತಿದರೆ ಆ ಕಡೆಯಿಂದ ಒಂದೇ ಮಾತು: "ಐದು." ಟಕ್ ಎಂದು ಇಟ್ಟುಬಿಡುತ್ತಿದ್ದರು. ನನ್ನ ಮೇಲೆ ಅವರಿಗಿನ್ನೂ ಸಿಟ್ಟಿತ್ತು. ಒಂದು ದಿನ ಲೈನು ಕೆಟ್ಟಿತ್ತು. ಆ ದಿನ ಮಧ್ಯಾಹ್ನದವರೆಗೆ ನನಗೆ ಮೀನಖಂಡ ನೋವು, ತಲೆನೋವು, ಕಣ್ಣುರಿ ಎಲ್ಲ ಬಂತು. ಲೈನು ಸರಿಯಾಗಿ 'ಐದು' ಕೇಳಿದ ಮೇಲೆ ಮೂರೂ ಹೋದವು. ಅಪ್ಪ ಪೇಪರಿನ ಹಿಂದಿನಿಂದ, "ಎಂಥ ಡಾಕ್ಟ್ರೋ ಇವ್ರು, ಒಂದೇ ಮಾತಲ್ಲಿ ವಾಸಿ ಮಾಡ್ತಾರೆ" ಎಂದ. ಆದರೆ ಅವನೂ ಆ ದಿನ ಶಿಫ್ಟಿಗೆ ಹೋಗಿರಲಿಲ್ಲ.

ಅಮ್ಮ ಪ್ರತಿದಿನ ಕೇಳುತ್ತಿದ್ದಳು: "ಇವತ್ತು ಏನ್ ಮಾಡ್ತಿದ್ವಂತೆ?" ಯಜಮಾನರು ಹೇಳಿದ್ದು ಒಂದು ಸಂಖ್ಯೆ. ಅವಳಿಗದು ಸಾಲುತ್ತಿರಲಿಲ್ಲ. ಹಾಗಾಗಿ ನಾನು ಸೇರಿಸಿ ಹೇಳುತ್ತಿದ್ದೆ: ಒಂದು ತಾಯಿಯ ಬೆನ್ನು ಹತ್ತುತ್ತದಂತೆ, ಒಂದು ಸೋಮಾರಿಯಂತೆ, ಒಂದು ಅಪ್ಪನ ಥರ ಗೊರಕೆಯಂತೆ. ಅವಳು ನಗುತ್ತಿದ್ದಳು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ದೇವರ ಗೂಡಿನ ಮುಂದೆ ಐದು ಕಡಲೆಕಾಳು ಇಟ್ಟಿದ್ದನ್ನು ನೋಡಿದೆ. ಅಣಕಿಸಲು ಬಾಯಿ ತೆರೆದು ಮುಚ್ಚಿಕೊಂಡೆ.

ಹದಿನಾಲ್ಕನೇ ದಿನ ಮೇಡಂ ಬರಹೇಳಿದರು. ಹೋದೆ. ಯಜಮಾನರು ತಾವಾಗಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮರಿಗಳೆಂದು ಹೇಳುವ ಹಾಗಿರಲಿಲ್ಲ. ಹತ್ತಿಯಂಥ ಬಿಳಿ ತುಪ್ಪಳ, ಹಿಂದಿನ ದಿನವಷ್ಟೇ ತೆರೆದ ಕೆಂಪು ಕಣ್ಣುಗಳು. ಐದೂ ನನ್ನ ಕಡೆ ಮೂಗೆತ್ತಿ ವಾಸನೆ ಹಿಡಿದವು. ನನ್ನ ರಕ್ತದ ಹನಿ ತಲೆಯಲ್ಲಿ ಹೊತ್ತು ಬದುಕಿದ್ದವು. ಮೇಡಂ ಕಾರ್ಡು ತೆಗೆದು ನೀಲಿ ಶಾಯಿಯಲ್ಲಿ 'ನೆಗೆಟಿವ್' ಎಂದು ಬರೆದರು.

"ಯಾವುದೋ ಸಾದಾ ಜ್ವರ. ಹೋಗು, ಬದುಕಿಕೊಂಡೆ. ಸೋಮವಾರ ಕೆಲ್ಸಕ್ಕೆ ಬಾ. ಬರುವಾಗ ತೋಳು ತಗೊಂಡ್ ಬಾ, ಇಂಜೆಕ್ಷನ್ ಇದೆ."

ಕೈ ಮುಗಿದೆ. ನಿಂತೇ ಇದ್ದೆ.

"ಮೇಡಂ, ಇವನ್ನ ನಾನು ಮನೆಗೆ ತಗೊಂಡ್ ಹೋಗ್ಲಾ?"

"ಈ ಕೋಣೆಯಿಂದ ಯಾವುದೂ ಹೊರಗೆ ಹೋಗಲ್ಲ, ನಿನಗೆ ಗೊತ್ತಲ್ಲ. ನಾವು ನೋಡಿದ್ದು ಒಂದೇ ಕಾಯಿಲೆನ. ಅವುಗಳೊಳಗೆ ಬೇರೆ ಏನಿದೆಯೋ ನಮಗೇನ್ ಗೊತ್ತು?"

ಗೊತ್ತಿತ್ತು. ನೆಗೆಟಿವ್ ಬಂದ ಪೆಟ್ಟಿಗೆಗಳನ್ನು ಇಲಿಗಳನ್ನು ಮುಗಿಸುವ ಈಥರ್ ಜಾಡಿಯ ಬಳಿ ಒಯ್ದು ಕೊಟ್ಟವನು ನಾನೇ, ಎಷ್ಟು ಸಲವೋ. ಸೀಟಿ ಹೊಡೆಯುತ್ತ ಒಯ್ದಿದ್ದೆ.

"ಹೋಗೋ, ಟೀ ಕುಡ್ಕೊಂಡ್ ಬಾ. ನಾನ್ ನೋಡ್ಕೋತೀನಿ," ಎಂದರು ಯಜಮಾನರು. ಆ ಗುರುವಾರದ ನಂತರ ಅವರು ನನ್ನ ಜೊತೆ ಆಡಿದ ಮೊದಲ ಮೆತ್ತಗಿನ ಮಾತು.

ಹೋಗಲಿಲ್ಲ. ಗ್ಲೌಸ್ ಹಾಕಿಕೊಂಡೆ, ಹೊಟ್ಟಿನಲ್ಲಿ ಕೈ ಉಜ್ಜಿಕೊಂಡೆ. ಈಗ ಅದರ ಅಗತ್ಯವಿರಲಿಲ್ಲ, ಆದರೂ ಉಜ್ಜಿಕೊಂಡೆ. ಒಂದೊಂದನ್ನೇ ಅಂಗೈಯಲ್ಲಿ ತೆಗೆದುಕೊಂಡು ಅವರಿಗೆ ಕೊಟ್ಟೆ. ಅವು ಕಚ್ಚಲಿಲ್ಲ. ಮೂರನೆಯದು ಮಣಿಕಟ್ಟಿನ ತನಕ ಹತ್ತಿ ಬಂತು. ಅದನ್ನು ಬಿಡಿಸಿಕೊಳ್ಳುವಾಗ ಯಜಮಾನರು ತಮ್ಮ ಇನ್ನೊಂದು ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ಐದು. ಆಮೇಲೆ ತಾಯಿ. ಅದನ್ನು ಅವರೇ ತೆಗೆದುಕೊಂಡರು.

ಬೂತಿನಿಂದ ತಮಿಳು ಆಂಟಿಯ ಮನೆಗೆ ಫೋನ್ ಮಾಡಿದೆ. ಅಮ್ಮ ಅಲ್ಲೇ ಕೂತು ಕಾಯುತ್ತಿದ್ದಳೆಂದು ಕಾಣುತ್ತದೆ, ಮೊದಲ ಗಂಟೆಗೇ ಎತ್ತಿದಳು.

"ಏನಂತೆ?"

"ಏನಿಲ್ವಂತಮ್ಮ. ಸಾದಾ ಜ್ವರ ಅಂತೆ."

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ನಾನು ರಿಸೀವರ್ ಗಟ್ಟಿಯಾಗಿ ಹಿಡಿದುಕೊಂಡೆ. ಮುಂದೆ ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು, ಕೇಳದಿರಲಿ ಎಂದುಕೊಂಡೆ.

"ಮರಿಗಳು?" ಎಂದಳು.

ನನಗೆ ಬರುವ ಎಲ್ಲ ಸ್ವರಗಳಲ್ಲಿ ಯಾವುದರಲ್ಲಿ ಹೇಳಲಿ ಎಂದು ತಿಳಿಯಲಿಲ್ಲ.

"ಚೆನ್ನಾಗಿದಾವಮ್ಮ. ಕಣ್ಣು ಬಿಟ್ಟಿದಾವೆ."

ಅವಳು ರಿಸೀವರಿನಿಂದ ಮುಖ ತಿರುಗಿಸಿ ಆಂಟಿಗೆ ಹೇಳುತ್ತಿದ್ದುದು ಕೇಳಿಸಿತು: "ಐದೂ ಕಣ್ಣು ಬಿಟ್ಟಿದಾವಂತೆ ಕಣ್ರೀ!" ಆ ಕಡೆಯಿಂದ ಆಂಟಿ ಏನೋ ಹೇಳಿ ನಕ್ಕಳು. ಅಮ್ಮ ಮತ್ತೆ ಏನಾದರೂ ಕೇಳುವ ಮುಂಚೆ ನಾನು ಫೋನ್ ಇಟ್ಟೆ.